ಕೈಗೆ ಹತ್ತುವ ವಿದ್ಯೆ

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ‘ಕಡತ’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಕಡತ ಮೇಲಿನ ಕಚೇರಿಗೆ ಹೋಗಿದೆ, ಕಡತ ಇನ್ನೂ ಹಿಂದಿರುಗಿಲ್ಲ ಎಂದು ಆಡಿಕೊಳ್ಳುವಾಗ, ಈ ಪದ ಒಂದು ಕೈಕಸುಬಿನಿಂದ ಬಂದದ್ದೆಂಬುದು ನಮಗೆ ನೆನಪಾಗುವುದಿಲ್ಲ. ಹಿಂದೆ ಕನ್ನಡ ನಾಡಿನ ಶಾನುಭೋಗರೂ ವರ್ತಕರೂ ತಮ್ಮ ಲೆಕ್ಕವನ್ನು ಬಟ್ಟೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕವೇ ಕಡತ. ಹತ್ತಿಯ ಬಟ್ಟೆಯ ಎರಡು ಮೈಗೂ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಿಂದ, ತಪ್ಪಿದರೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸತೊಡಗಿದ ಮಾರ್ಕ್ ವಿಲ್ಕ್ಸ್ ಈ ಕಡತಗಳನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅವನ ಪ್ರಕಾರ ಅವುಗಳ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದು ಬಂದಿವೆ.

ಈ ಕಡತಕ್ಕೂ ನಮ್ಮ ಚಿತ್ರದುರ್ಗ ಜಿಲ್ಲೆಯ ಕರಿ ಕಂಬಳಿಗೂ ಒಂದು ನಂಟಿದೆ. ಆ ನಂಟು ಹುಣಸೆಬೀಜದ್ದು. ದಖನಿ ಕುರಿಯ ಉಣ್ಣೆ ಒರಟು, ಎಳೆ ಬಿರುಸು. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನ ಹುರಿಯಿಂದ ಹಿಂಜಿ, ರಾಟೆಯಲ್ಲಿ ನೂತು, ಹಾಸು ಹೂಡಿದ ಮೇಲೆ ಹುಣಸೆಬೀಜದ ಗಂಜಿ ಹಾಕಿ ಕುಂಚದಿಂದ ಸವರುತ್ತಾರೆ. ಮೇಲೆದ್ದ ಕೂದಲೆಲ್ಲ ನೂಲಿನ ಮೈಗೆ ಒರಗಿಕೊಳ್ಳುತ್ತದೆ, ನೂಲಿಗೆ ಬಲ ಬರುತ್ತದೆ. ಆಮೇಲೆಯೇ ಅದು ಮಗ್ಗದ ಎಳೆದಾಟವನ್ನು ತಾಳಬಲ್ಲದು. ಗಂಜಿ ಕಾಣದ ಹಾಸು ಲಾಳಿಯ ನಾಲ್ಕು ಓಡಾಟಕ್ಕೆ ಹರಿದು ಕೂರುತ್ತದೆ. ಬಟ್ಟೆಯ ಗಿರಣಿಗಳೂ ಸೆಣಬಿನ ಕಾರ್ಖಾನೆಗಳೂ ನೂಲಿಗೆ ಗಂಜಿ ಹಾಕಲು ಇದೇ ಬೀಜದ ಪುಡಿಯನ್ನು ಬಳಸಿಕೊಂಡು ಬಂದಿವೆ.

ಇನ್ನು ನಮ್ಮ ಮನೆಗಳ ಅಜ್ಜಿಯರನ್ನು ನೆನೆಯೋಣ. ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದೊಡನೆ ಒರಳಿನಲ್ಲಿ ರುಬ್ಬಿ, ಆ ಮುದ್ದೆಯನ್ನು ಬಿದಿರಿನ ಮೊರಕ್ಕೆ ಬಳಿಯುತ್ತಿದ್ದರು. ಸಂದು ಮುಚ್ಚಿ ಮೊರ ಗಟ್ಟಿಯಾಗುತ್ತಿತ್ತು. ಅದೇ ಮುದ್ದೆಯನ್ನು ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ತೆಗೆಯುತ್ತಿದ್ದರು. ಕಾಗದವೆಂಬುದು ಮೂಲತಃ ನಾರು ಎಂಬ ಅರಿವು ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಕಡತ, ಕಂಬಳಿ, ಕಾಗದದ ಬುಟ್ಟಿ ಈ ಮೂರಕ್ಕೂ ಸಾಮಾನ್ಯವಾದ ಒಂದು ಸಂಗತಿಯನ್ನು ನಮ್ಮ ಭಾಷೆ ಎರಡೇ ಅಕ್ಷರದಲ್ಲಿ ಹೇಳಿದೆ: ಹದ. ಗಂಜಿ ತೆಳುವಾದರೆ ಹಿಡಿಯದು, ಗಟ್ಟಿಯಾದರೆ ನೂಲು ಕಡ್ಡಿಯಂತೆ ಮುರಿಯುವುದು. ಇವೆರಡರ ನಡುವಣ ಆ ಬಿಂದುವನ್ನು ಇಷ್ಟು ಬೀಜಕ್ಕೆ ಇಷ್ಟು ನೀರು ಎಂದು ಬರೆದಿಟ್ಟು ಕಲಿಸಲಾಗದು. ಬೀಜ ಹುರಿದ ಬಗೆ, ಅಂದಿನ ಬಿಸಿಲು, ಗಾಳಿಯ ತೇವ ಎಲ್ಲವೂ ಅದನ್ನು ಬದಲಿಸುತ್ತವೆ. ಹದವನ್ನು ತಿಳಿಯುವುದು ಕೈ. ಒಂದು ಕೈ ಅದನ್ನು ಇನ್ನೊಂದು ಕೈಗೆ ದಾಟಿಸಬೇಕಾದರೆ ಎರಡೂ ಒಂದೇ ಪಾತ್ರೆಯಲ್ಲಿ ಅದ್ದಬೇಕು. ನಾರು ಮತ್ತು ಕಾಗದದ ಕಸುಬುಗಳಿಗೆ ಉಪನ್ಯಾಸ ಸಾಲದು, ಕಮ್ಮಟ ಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಕಮ್ಮಟವೆಂದರೆ ಹಿಂದೆ ನಾಣ್ಯಗಳನ್ನು ಅಚ್ಚುಹಾಕುತ್ತಿದ್ದ ಟಂಕಸಾಲೆ. ಸಾಹಿತ್ಯಾಸಕ್ತರು ಆ ಪದವನ್ನು ಕಾವ್ಯಕ್ಕೂ ಕಥೆಗೂ ತಂದುಕೊಂಡಿದ್ದಾರೆ; ಅದನ್ನು ಕೈಯ ಕೆಲಸಕ್ಕೆ ಮರಳಿಸಿದರೆ ತಪ್ಪಾಗಲಾರದು.

ಹೊಸದುರ್ಗದಲ್ಲಿ ನಾವು ಕೆಲವರು ಸೇರಿ ಬೇಸಿಗೆಯ ರಜೆಯಲ್ಲಿ ಇಂಥ ಒಂದು ಸಣ್ಣ ಕಮ್ಮಟ ನಡೆಸಿದೆವು. ಶಾಲೆಯ ಮಕ್ಕಳಿದ್ದರು, ಇಬ್ಬರು ಉಪಾಧ್ಯಾಯಿನಿಯರಿದ್ದರು, ಅಂಗಡಿಯ ಲೆಕ್ಕ ಬರೆಯುವ ಒಬ್ಬ ಮಧ್ಯವಯಸ್ಕರೂ ಇದ್ದರು. ಐದು ದಿನದ ಕೆಲಸ. ಸಾಮಗ್ರಿಯನ್ನು ದೂರದಿಂದ ತರಿಸಬೇಕಾಗಲಿಲ್ಲ. ತಿಪಟೂರು, ಅರಸೀಕೆರೆ, ಹೊಸದುರ್ಗಗಳದು ತೆಂಗಿನ ಸೀಮೆ. ಉಂಡೆ ಕೊಬ್ಬರಿಗಾಗಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯ ಸಿಪ್ಪೆ ಇಲ್ಲಿ ರಾಶಿ ರಾಶಿ. ಕೇರಳದ ಹಿನ್ನೀರಿನಲ್ಲಿ ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ತೆಗೆಯುವ ನಾರು ಬಿಳುಪು, ನೂಲಲು ಮೃದು; ನಮ್ಮದು ಕಂದು, ಒರಟು. ಬೇಲಿಯಲ್ಲಿ ಕತ್ತಾಳೆ ಇತ್ತು. ಉಣ್ಣೆಯನ್ನು ಕುರಿಗಾಹಿಗಳು ಕೊಟ್ಟರು. ಹಳೆಯ ನೋಟುಪುಸ್ತಕಗಳಿಗೆ ಯಾವ ಊರಿನಲ್ಲಿ ಬರ?

ಮೊದಲ ದಿನ ಹಗ್ಗ ಹೊಸೆಯುವುದನ್ನು ಕಲಿತೆವು. ಕೊಳೆಹಾಕಿ, ಬಡಿದು, ತೊಳೆದ ಕತ್ತಾಳೆ ನಾರಿನ ಎರಡು ಎಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಹೊಸೆಯಬೇಕು. ಎರಡೂ ಸೇರುವಾಗ ಹುರಿ ಹಿಮ್ಮುಖವಾಗಬೇಕು. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ತವಕಿಸುವ ದಿಕ್ಕು ಒಂದು, ಎರಡೂ ಕೂಡಿದ ಹುರಿ ಬಿಚ್ಚಿಕೊಳ್ಳಲು ತವಕಿಸುವ ದಿಕ್ಕು ಅದರ ಎದುರು. ಒಂದರ ತವಕವನ್ನು ಇನ್ನೊಂದು ತಡೆಯುತ್ತದೆ. ಹಗ್ಗ ನಿಲ್ಲುವುದು ಈ ಜಗಳದ ಮೇಲೆ. ಇದನ್ನು ನಾನು ಹೀಗೆ ನಾಲ್ಕು ವಾಕ್ಯದಲ್ಲಿ ಹೇಳಿದೆ, ನೀವೂ ಕೇಳಿದಿರಿ. ಆದರೂ ಈಗ ನಾರು ಕೊಟ್ಟರೆ ನಿಮ್ಮಲ್ಲಿ ಬಹುಮಂದಿಗೆ ಒಂದು ಗೇಣು ಹಗ್ಗ ಹೊಸೆಯಲು ಬಾರದು. ಅಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ವಿವರಣೆಯೊಂದನ್ನೂ ಕೇಳದೆ, ಪಕ್ಕದವರ ಅಂಗೈಯನ್ನೇ ನೋಡುತ್ತ, ಮಧ್ಯಾಹ್ನದೊಳಗೆ ಎರಡು ಮಾರು ಹೊಸೆದಿದ್ದ.

ಕಾಗದದ ಕೆಲಸದಲ್ಲಿ ಬೆರಗು ಬೇರೆ ಬಗೆಯದು. ನೆನೆದ ಕಾಗದವನ್ನು ಕುಟ್ಟಿ, ತೊಟ್ಟಿಯ ನೀರಿನಲ್ಲಿ ಕದಡಿ, ಜಾಲರಿ ಬಿಗಿದ ಚೌಕಟ್ಟನ್ನು ಅದ್ದಿ ಮೇಲೆತ್ತಿದರೆ ನೀರು ಸೋರಿಹೋಗಿ ನಾರಿನ ತೆಳುಪದರ ಉಳಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಕವುಚಿ, ಒತ್ತಿ, ಒಣಗಿಸಿದರೆ ಹಾಳೆ. ಇಲ್ಲಿ ಅಂಟಿನ ಅಗತ್ಯವೇ ಇಲ್ಲ. ನೀರು ಆರುತ್ತ ಹೋದಂತೆ ನಾರುಗಳು ಒಂದನ್ನೊಂದು ತಾವಾಗಿ ಹಿಡಿದುಕೊಳ್ಳುತ್ತವೆ. ನಾರು ಉದ್ದವಾಗಿದ್ದಷ್ಟೂ ಹಿಡಿತ ಬಲ. ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ ಕೈಕಾಗದ ಬಹುಕಾಲ ಬಾಳುವುದೂ, ಒಮ್ಮೆ ಬಳಸಿದ ಕಾಗದವನ್ನು ಮತ್ತೆ ಮತ್ತೆ ಕುಟ್ಟಿದರೆ ಹಾಳೆ ನಿಶ್ಶಕ್ತವಾಗುವುದೂ ಇದರಿಂದಲೇ. ದಿನವಿಡೀ ಕಾಗದದ ಮೇಲೆ ಬರೆಯುವ ನಮ್ಮ ಲೆಕ್ಕಿಗರು ತಾವು ತೆಗೆದ ಮೊದಲ ಹಾಳೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ಮೂರನೆಯ ದಿನ ಗಂಜಿ. ಅದನ್ನು ಕಲಿಸಲು ಬಂದವರು ಎಪ್ಪತ್ತು ದಾಟಿದ ಕಂಬಳಿ ನೇಕಾರರು. ಹುರಿದ ಬೀಜದ ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಒಲೆಯ ಮೇಲಿಟ್ಟು ತಿರುವುವ ಕೆಲಸ. ಒಬ್ಬ ಹುಡುಗಿ ಗಳಿಗೆಗೊಮ್ಮೆ ಕೇಳುತ್ತಿದ್ದಳು: “ಅಜ್ಜ, ಈಗ ಸರಿ ಆತಾ?” ಅವರೆಂದರು: “ನನ್ನ ಕೇಳಬ್ಯಾಡ ಕಣವ್ವ, ನಿನ್ನ ಬೆರಳನ್ನ ಕೇಳು. ಎಳೆ ಬರಬೇಕು, ಜೋತಾಡಬಾರದು.” ಆಕೆ ಬೆರಳು ಅದ್ದಿ, ಉಜ್ಜಿ, ಬಿಡಿಸಿ ನೋಡಿದಳು. ಐದನೆಯ ಸಲವೋ ಆರನೆಯ ಸಲವೋ ಕೇಳುವುದನ್ನು ನಿಲ್ಲಿಸಿ, ತಾನೇ ಪಾತ್ರೆಯನ್ನು ಇಳಿಸಿದಳು. ವಿದ್ಯೆ ಹತ್ತುವುದೆಂದರೆ ಇದೇ ಎಂದು ನನಗನ್ನಿಸಿತು.

ಇದು ಹೊಸ ವಿಚಾರವೇನಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ‘ನಯೀ ತಾಲೀಮ್’ನ ತಿರುಳು, ಮಗುವಿನ ಎಲ್ಲ ವಿದ್ಯೆಯೂ ಒಂದು ಕಸುಬಿನ ಮೂಲಕ ಬರಬೇಕೆಂಬುದು. ತಕಲಿಯ ನೂಲಿನಿಂದ ಗಣಿತ, ಹತ್ತಿಯಿಂದ ಭೂಗೋಳ. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂಬ ಉದ್ದನೆಯ ಹೆಸರಿನಲ್ಲಿ ಶಾಲೆಗೆ ತರಲು ಬಯಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಚೀಲವಿಲ್ಲದೆ ಹತ್ತು ದಿನ ಸ್ಥಳೀಯ ಕಸುಬುದಾರರ ಬಳಿ ಕಲಿಯಲೆಂದು ಹೇಳಿದೆ. ಹೆಸರು ಬದಲಾಗುತ್ತ ಬಂತು, ಆಶಯ ಉಳಿಯಿತು. ಆದರೆ ಪರೀಕ್ಷೆಯ ಅಂಕ ಹತ್ತಿರ ಬಂದಾಗಲೆಲ್ಲ ಮೊದಲು ಜಾಗ ಬಿಟ್ಟುಕೊಟ್ಟದ್ದು ಕೈಕೆಲಸದ ಪೀರಿಯಡ್ಡೇ.

ಕಮ್ಮಟಗಳನ್ನು ಹೊಗಳುವ ಉತ್ಸಾಹದಲ್ಲಿ ಒಂದು ಕಟುಸತ್ಯವನ್ನು ಮುಚ್ಚಿಡಬಾರದು. ಐದು ದಿನದಲ್ಲಿ ಯಾರೂ ನೇಕಾರರಾಗುವುದಿಲ್ಲ. ಕಂಬಳಿಯ ನೇಯ್ಗೆ ತಲೆತಲಾಂತರದಿಂದ ಕುರುಬ ಸಮುದಾಯದ ಮನೆಗಳಲ್ಲಿ, ತಂದೆಯ ಕುಣಿಮಗ್ಗದ ಪಕ್ಕದಲ್ಲಿ, ತಾಯಿಯ ರಾಟೆಯ ಎದುರಿನಲ್ಲಿ ಕಲಿತು ಬಂದದ್ದು. ಅಲ್ಲಿ ಕಲಿಕೆಗೆ ಬೇರೆ ಹೊತ್ತೆಂಬುದಿಲ್ಲ, ಬದುಕೇ ಕಮ್ಮಟ. ಇಂದು ಆ ಮನೆಗಳ ಮಕ್ಕಳು ಬೆಂಗಳೂರಿಗೆ, ದಾವಣಗೆರೆಗೆ ದುಡಿಯಲು ಹೋಗುತ್ತಿದ್ದಾರೆ. ಹೋಗಬಾರದೆನ್ನಲು ನಾವಾರು? ಉಣ್ಣೆಗೆ ಬೆಲೆಯಿಲ್ಲದೆ ಕತ್ತರಿಸಿದ್ದನ್ನು ಎಸೆಯುವ ಕುರಿಗಾಹಿಗಳಿದ್ದಾರೆ. ಮಾಂಸಕ್ಕೆ ಒದಗುವ, ಉಣ್ಣೆ ಕಡಿಮೆಯಾದ ತಳಿಗಳು ದಖನಿ ಕುರಿಯ ಜಾಗಕ್ಕೆ ಬರುತ್ತಿವೆ. ನಮ್ಮ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ 2008ರ ನಂತರ ಸುಮಾರು 10,000 ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಮುಂತಾದ ಸಂಸ್ಥೆಗಳಿಗೆ ಸೇರಿತು. ಆ ಸಂಸ್ಥೆಗಳ ಅಗತ್ಯದ ಚರ್ಚೆ ಇಲ್ಲಿ ಬೇಡ. ಹುಲ್ಲು ಹೋದರೆ ಕುರಿ, ಕುರಿ ಹೋದರೆ ಉಣ್ಣೆ, ಉಣ್ಣೆ ಹೋದರೆ ಮಗ್ಗ ಎಂಬ ಸರಪಳಿಯನ್ನು ಮಾತ್ರ ಕಾಣಬೇಕು. ಇದನ್ನು ಐದು ದಿನದ ಕಮ್ಮಟ ತಡೆಯಲಾರದು.

ಇನ್ನೊಂದು ಮಾತು ಕಲಿಸುವವರ ಮರ್ಯಾದೆಗೆ ಸೇರಿದ್ದು. ಸಭೆಯೊಂದರಲ್ಲಿ ಕಂಬಳಿ ನೇಕಾರರೊಬ್ಬರನ್ನು ವೇದಿಕೆಗೆ ಕರೆದು, ಗಿರಣಿಯಲ್ಲಿ ತಯಾರಾದ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದನ್ನು ನಾನು ನೋಡಿದ್ದೇನೆ. ಅವರ ಬಗೆಗೆ ಭಾಷಣ ಮಾಡಿದವರಿಗೆ ಸಂಭಾವನೆ ಇತ್ತು, ಅವರಿಗೆ ಇರಲಿಲ್ಲ. ಹೊದಿಸಿದವರಿಗೂ ನೋಡಿದವರಿಗೂ ಅದರಲ್ಲಿ ವಿಪರೀತವೇನೂ ಕಾಣಲಿಲ್ಲ. ಜಪಾನಿನಲ್ಲಿ 1950ರಷ್ಟು ಹಿಂದೆಯೇ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನು ಬಂತು. ಅದರ ಆಸರೆಯಲ್ಲಿ ಕಾಗದ, ನೇಯ್ಗೆ ಮುಂತಾದ ಕಸುಬುಗಳ ಶ್ರೇಷ್ಠರನ್ನು ರಾಷ್ಟ್ರದ ಆಸ್ತಿಯೆಂದು ಗುರುತಿಸಿ, ಕಲೆಯನ್ನು ಕಾಪಾಡಿ ಶಿಷ್ಯರಿಗೆ ಕಲಿಸಲೆಂದೇ ವರ್ಷವರ್ಷವೂ ಧನಸಹಾಯ ನೀಡುವ ಏರ್ಪಾಡು ಬೆಳೆಯಿತು. ಅಲ್ಲಿನ ಕೈಕಾಗದದ ಕಸುಬು 2014ರಲ್ಲಿ ಯುನೆಸ್ಕೊದ ಪಟ್ಟಿಗೆ ಸೇರುವವರೆಗೂ ಬದುಕಿ ಉಳಿದಿದ್ದರೆ ಅದಕ್ಕೆ ಇಂಥ ವಿವೇಕವೂ ಒಂದು ಕಾರಣ. ನಮ್ಮ ಕಮ್ಮಟಗಳ ಮೊದಲ ನಿಯಮವೂ ಇದಾಗಬೇಕು: ಕಾಲೇಜಿನ ಉಪನ್ಯಾಸಕರಿಗೆ ಏನು ಕೊಡುತ್ತೇವೆಯೋ, ಹದ ಕಲಿಸುವವರಿಗೆ ಅದಕ್ಕೆ ಒಂದು ಕಾಸೂ ಕಡಿಮೆಯಾಗಬಾರದು.

ಹಾಗಾದರೆ ಕಮ್ಮಟದಿಂದ ಪ್ರಯೋಜನವೇನು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಅದು ಕಸುಬುದಾರರನ್ನು ಹುಟ್ಟಿಸದಿದ್ದರೂ ಕಸುಬನ್ನು ಬಲ್ಲ ಬಳಕೆದಾರರನ್ನು ಹುಟ್ಟಿಸುತ್ತದೆ. ಸಂಗೀತ ಕಲಿಯಲು ಹೋದವರೆಲ್ಲ ವಿದ್ವಾಂಸರಾಗುವುದಿಲ್ಲ. ಆದರೆ ಶ್ರುತಿ ತಿಳಿದ ಕೇಳುಗರಿಲ್ಲದ ಊರಿನಲ್ಲಿ ವಿದ್ವಾಂಸರು ಬಾಳಲಾರರು. ಕಂಬಳಿಯ ಸ್ಥಿತಿಯೂ ಅದೇ. ಸಂತೆಯಲ್ಲಿ ಒಂದು ಕಡೆ ಗಿರಣಿಯ ನುಣುಪು ಹೊದಿಕೆ, ಇನ್ನೊಂದು ಕಡೆ ಒರಟು ಕರಿ ಕಂಬಳಿ. ಒಂದು ಹಿಡಿ ಉಣ್ಣೆಯನ್ನಾದರೂ ಹಿಂಜಿ ಅಂಗೈ ನೋಯಿಸಿಕೊಂಡವರು ಎರಡನೆಯದರ ಬೆಲೆ ಕೇಳಿ ಚೌಕಾಸಿ ಮಾಡುವಾಗ ಒಂದು ಕ್ಷಣ ತಡೆಯುತ್ತಾರೆ. ಆ ತಡೆ ದೊಡ್ಡದು. ಕಮ್ಮಟಕ್ಕೆ ಬಂದಿದ್ದ ಉಪಾಧ್ಯಾಯಿನಿಯೊಬ್ಬರು ಮುಂದಿನ ಚಳಿಗಾಲದಲ್ಲಿ ನೇಕಾರರ ಮನೆಗೇ ಹೋಗಿ ಎರಡು ಕಂಬಳಿ ಕೊಂಡರು. ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ಹಾಸಿನ ಒತ್ತನ್ನು ನೋಡಿದರಂತೆ. ನೇಕಾರರಿಗೆ ಹಣದಷ್ಟೇ ಆ ನೋಟವೂ ಸಂತೋಷ ಕೊಟ್ಟಿತೆಂದು ಅವರ ಮಗ ನನಗೆ ಹೇಳಿದ.

ಆದ್ದರಿಂದ ನನ್ನ ಸಲಹೆ ಇಷ್ಟು. ಕಮ್ಮಟಗಳು ರಜೆಯ ವಿನೋದವಾಗಿ ಮುಗಿಯದೆ ಋತುಮಾನಕ್ಕೆ ಹೊಂದಿಕೊಳ್ಳಲಿ. ಉಣ್ಣೆ ಕತ್ತರಿಸುವ ಕಾಲಕ್ಕೆ ಉಣ್ಣೆ, ಹುಣಸೆ ಬಡಿಯುವ ಕಾಲಕ್ಕೆ ಬೀಜ, ಕೊಬ್ಬರಿ ಒಡೆಯುವ ಕಾಲಕ್ಕೆ ನಾರು. ವಾರಕ್ಕೊಂದು ದಿನವಾದರೂ ವರ್ಷವಿಡೀ ನಡೆಯಲಿ. ಬೇಸರ ಬಂದು, ಅದನ್ನು ದಾಟಿದ ಮೇಲೆಯೇ ಕೈ ಪಳಗುವುದು. ಮಾಡಿದ ವಸ್ತು ಪ್ರದರ್ಶನದ ಮೇಜಿನಲ್ಲಿ ಧೂಳು ತಿನ್ನದೆ ಬಳಕೆಗೆ ಬರಲಿ: ಹಗ್ಗ ಬಾವಿಗೆ, ಬುಟ್ಟಿ ಅಡುಗೆಮನೆಗೆ, ಕೈಕಾಗದ ಮಗುವಿನ ಮೊದಲ ಪತ್ರಕ್ಕೆ. ಕಾಗದವೆಂದರೆ ನಮ್ಮ ಮಾತಿನಲ್ಲಿ ಪತ್ರವೂ ಹೌದಲ್ಲವೆ? ತಾನೇ ತೆಗೆದ ಹಾಳೆಯ ಮೇಲೆ ಬರೆಯುವ ಮಗು ಒಂದು ಅಕ್ಷರವನ್ನೂ ದುಂದು ಮಾಡುವುದಿಲ್ಲ.