ಬ್ಯಾಂಕಿನ ಉಕ್ಕು, ಸಂದೂಕದ ಬೆಳ್ಳಿ

ಬೇಸಿಗೆ ರಜೆಗೆಂದು ಕುಷ್ಟಗಿಗೆ ಬಂದಿದ್ದ ಅಕ್ಕನ ಮಗ ಒಂದು ದಿನ ಬ್ಯಾಂಕಿಗೆ ಹೋಗಿ ನೂರು ರೂಪಾಯಿಗೆ ಚಿಲ್ಲರೆ ತಂದ. ಕಟ್ಟೆಯ ಮೇಲೆ ಸುರುವಿಕೊಂಡು ಒಂದೊಂದೇ ನಾಣ್ಯವನ್ನು ಬಿಸಿಲಿಗೆ ಹಿಡಿದು ನೋಡತೊಡಗಿದ.

"ಏನ್ ಹುಡುಕಾಕತ್ತೀಯೋ?"

"ಬೆಳ್ಳಿ, ಮಾಮಾ."

ಅಮೆರಿಕದಲ್ಲಿ ಹೀಗೆ ಹುಡುಕುವ ಹವ್ಯಾಸದವರನ್ನು ಅವನು ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ. ಸುಳ್ಳೇನಲ್ಲ. ಅಲ್ಲಿ 1964ರವರೆಗಿನ ಹತ್ತು ಸೆಂಟು, ಕಾಲು ಡಾಲರ್ ನಾಣ್ಯಗಳಲ್ಲಿ ನೂರಕ್ಕೆ 90 ಪಾಲು ಬೆಳ್ಳಿ ಇರುತ್ತಿತ್ತು. 1965ರಿಂದ ಒಳಗೆ ತಾಮ್ರ, ಮೇಲೆ ತಾಮ್ರ-ನಿಕ್ಕಲ್ ಹೊದಿಕೆ. ಗಾತ್ರ ಬದಲಾಗಲಿಲ್ಲ, ಹಾಗಾಗಿ ಹಳೆಯವು ಹೊಸವುಗಳ ಜೊತೆ ಬೆರೆತುಹೋದವು. ಬ್ಯಾಂಕಿನಿಂದ ತಂದ ನಾಣ್ಯಗಳ ಅಂಚು ನೋಡಿದರೆ ಗೊತ್ತಾಗುತ್ತದೆ: ಹೊಸದರಲ್ಲಿ ಕೆಂಪು ಗೆರೆ ಕಾಣುತ್ತದೆ, ಹಳೆಯದು ಪೂರ್ತಿ ಬಿಳಿ.

ನಮ್ಮ ಕಟ್ಟೆಯ ಮೇಲಿನ ರಾಶಿಗೆ ಬೇರೆ ಪರೀಕ್ಷೆ ಬೇಕಿತ್ತು. ಹಾಳಾದ ಸ್ಪೀಕರಿನ ಅಯಸ್ಕಾಂತ ತಂದುಕೊಟ್ಟೆ. ಒಂದು ರೂಪಾಯಿ ನಾಣ್ಯಗಳು ಟಕಟಕ ಅಂಟಿಕೊಂಡವು. 1992ರಿಂದ ಅವುಗಳನ್ನು ಮಾಡುವುದು ಅಯಸ್ಕಾಂತ ಸೆಳೆಯುವ ಬಗೆಯ ಸ್ಟೇನ್‌ಲೆಸ್ ಸ್ಟೀಲಿನಿಂದ. ಭಾರತದ ನಕ್ಷೆ ಇದ್ದ ಹಳೆಯ ಎರಡು ರೂಪಾಯಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹುಡುಗ ಎದ್ದು ಕುಣಿದ.

ಕುಣಿಯುವಂಥದ್ದು ಏನೂ ಇರಲಿಲ್ಲ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಅಂಟದ್ದೆಲ್ಲ ಬೆಳ್ಳಿಯಲ್ಲ. ಆ ನಾಣ್ಯದಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಇಲ್ಲೊಂದು ವಿಚಿತ್ರ ನೋಡಿ: ಬರೀ ನಿಕ್ಕಲ್ ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುತ್ತದೆ. ಅಷ್ಟೊಂದು ತಾಮ್ರದಲ್ಲಿ ಬೆರೆತರೆ ಆ ಗುಣ ಕಳೆದುಕೊಳ್ಳುತ್ತದೆ. ಬದಲಿಗೆ ತಾಮ್ರದ ಕೆಂಪನ್ನು ಮುಚ್ಚಿ ಬೆಳ್ಳಿಯಂತೆ ಕಾಣಿಸಿ ನಮ್ಮನ್ನು ಏಮಾರಿಸುತ್ತದೆ.

ಅಷ್ಟರಲ್ಲಿ ಅವನಿಗೆ ಇನ್ನೊಂದು ಸಿಕ್ಕಿತು. ಕೆಲವು ನಾಣ್ಯಗಳಲ್ಲಿ ಇಸವಿಯ ಕೆಳಗೆ ಚಿಕ್ಕ ನಕ್ಷತ್ರ. ಅದು ಹೈದರಾಬಾದ್ ಟಂಕಸಾಲೆಯ ಗುರುತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಆಗ ಇಲ್ಲಿ ಓಡುತ್ತಿದ್ದದ್ದು ನಿಜಾಮರ ಸ್ವಂತ ನಾಣ್ಯ, 'ಹಾಲಿ' ರೂಪಾಯಿ. ಅದೂ ಇದೇ ಟಂಕಸಾಲೆಯದು. ಬ್ರಿಟಿಷರ ಆರು ರೂಪಾಯಿಗೆ ಏಳು ಹಾಲಿ ರೂಪಾಯಿ ಎಣಿಸಬೇಕಿತ್ತು.

ಒಳಗಿದ್ದ ನಮ್ಮವ್ವನ ಕಿವಿಗೆ 'ಹಾಲಿ' ಅನ್ನುವ ಮಾತು ಬಿತ್ತು. ಸಂದೂಕ ತೆಗೆದ ಸದ್ದಾಯಿತು. ಅರಿವೆಯ ಗಂಟು ಬಿಚ್ಚಿ, "ತಗೋ, ಇದನ್ನೇನ ನೀ ಹುಡುಕೋದು?" ಅಂದಳು. ಗಂಟಿನಲ್ಲಿ ಎರಡು ನಾಣ್ಯ. ಒಂದರ ಮೇಲೆ ಚಾರ್ಮಿನಾರ್, ಮಿನಾರುಗಳು ಸವೆದು ನುಣ್ಣಗಾಗಿದ್ದವು. ಇನ್ನೊಂದರ ಮೇಲೆ ಹುಲಿ, 1947.

ಚಾರ್ಮಿನಾರ್ ನಾಣ್ಯಕ್ಕೆ ಅಯಸ್ಕಾಂತ ಅಂಟಲಿಲ್ಲ. ಈಗಾಗಲೇ ಒಮ್ಮೆ ಏಮಾರಿದ್ದ ಹುಡುಗ ಈ ಸಲ ಕುಣಿಯಲಿಲ್ಲ. ಪತ್ತಾರರ ಬಳಿ ಇರುತ್ತದಲ್ಲ, ಅಂಥ ಸಣ್ಣ ಡಿಜಿಟಲ್ ತಕ್ಕಡಿ ತಂದೆವು. ನಾಣ್ಯ ತೂಗಿದೆವು: 11.05 ಗ್ರಾಂ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ನಾಣ್ಯಕ್ಕೆ ದಾರ ಕಟ್ಟಿ ನೀರಿಗಿಳಿಸಿದೆವು. ನಾಣ್ಯ ಪೂರ್ತಿ ಮುಳುಗಬೇಕು, ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ದಾರ ನಮ್ಮ ಕೈಯಲ್ಲೇ ಇದ್ದರೂ ತಕ್ಕಡಿ 1.09 ತೋರಿಸಿತು! ಯಾಕೆ? ನೀರು ನಾಣ್ಯವನ್ನು ಮೇಲಕ್ಕೆ ಒತ್ತುತ್ತದೆ, ನಾಣ್ಯ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತು ನಾಣ್ಯ ಸರಿಸಿದ ನೀರಿನ ತೂಕಕ್ಕೆ ಸಮ. ಒಂದು ಗ್ರಾಂ ನೀರು ಒಂದು ಘನ ಸೆಂಟಿಮೀಟರ್ ಜಾಗ ತಗೊಳ್ಳುತ್ತದೆ, ಹಾಗಾಗಿ ನಾಣ್ಯದ ಗಾತ್ರವೂ 1.09. ತೂಕವನ್ನು ಗಾತ್ರದಿಂದ ಭಾಗಿಸಿದರೆ ಹತ್ತಿರಹತ್ತಿರ 10.14. ಇದೇ ಸಾಂದ್ರತೆ.

ಅಪ್ಪಟ ಬೆಳ್ಳಿಯದು 10.49. ತಾಮ್ರ, ನಿಕ್ಕಲ್ ಎರಡೂ 9ರ ಒಳಗೆ. ಹಾಲಿ ರೂಪಾಯಿಯಲ್ಲಿ ನೂರಕ್ಕೆ ಸುಮಾರು 82 ಪಾಲು ಬೆಳ್ಳಿ ಇರುತ್ತಿತ್ತು, ಉಳಿದದ್ದು ತಾಮ್ರ ಎಂದು ಹಿಡಿದು ಲೆಕ್ಕ ಹಾಕಿದರೆ 10.17 ಬರಬೇಕು. ಸವೆದ ನಾಣ್ಯ, ಮನೆಯ ಲೋಟ, ಇಷ್ಟು ಬಂದದ್ದೇ ಹೆಚ್ಚು. ಮನೆಯಲ್ಲಿ ಮಾಡಿದ ಪ್ರಯೋಗ ಪುಸ್ತಕದ ಅಂಕಿಗೆ ತಾಳೆಯಾದಾಗ ಆಗುವ ಖುಷಿ ನನಗಂತೂ ಇನ್ನೂ ಹಳತಾಗಿಲ್ಲ.

"ಹಂಗಾದ್ರ ಬೆಳ್ಳಿ ಎಲ್ಲಾ ಎಲ್ಲಿ ಹೋತು, ಮಾಮಾ?"

ಎರಡನೇ ಮಹಾಯುದ್ಧಕ್ಕೆ ಮೊದಲು ಬ್ರಿಟಿಷರ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧಕಾಲಕ್ಕೆ ಬೆಳ್ಳಿ ಸಾಲದಾಗಿ 1940ರಲ್ಲಿ ಅದನ್ನು ಅರ್ಧಕ್ಕಿಳಿಸಿದರು. 1947ಕ್ಕೆ ಅದೂ ಹೋಗಿ ಬರೀ ನಿಕ್ಕಲ್ ಬಂತು. ಜನ ಹಳೆಯದನ್ನು ಬಚ್ಚಿಟ್ಟು ಹೊಸದನ್ನು ಖರ್ಚು ಮಾಡಿದರು. ಯಾರಾದರೂ ಹಾಗೇ ಮಾಡುತ್ತಾರೆ. ಕೆಲವು ಒಡವೆಯಾಗಿ ಕರಗಿದವು, ಕೆಲವು ಲಂಬಾಣಿ ತಾಂಡಾಗಳಲ್ಲಿ ಕೊರಳ ಹಾರವಾದವು. ಯುದ್ಧಕಾಲದಲ್ಲಿ ಭಾರತ ಅಮೆರಿಕದಿಂದ ಬೆಳ್ಳಿ ಸಾಲ ತಂದಿತ್ತು. ಅದನ್ನು ತೀರಿಸಲು ಅರ್ಧ ಬೆಳ್ಳಿಯ ನಾಣ್ಯಗಳನ್ನು ವಾಪಸು ಪಡೆದು ಕರಗಿಸಿ ಬೆಳ್ಳಿ ಬೇರ್ಪಡಿಸಬೇಕಾಯಿತು.

"ಅಂದ್ರ ನಮ್ಮ ಬೆಳ್ಳೀನೂ ಅವರ ಕಡೇನ ಐತಿ!" ಅಂದ ಹುಡುಗ.

ಹುಲಿ ನಾಣ್ಯ ಇನ್ನೂ ಉಳಿದಿತ್ತು. "ಅದೂ ಬೆಳ್ಳೀನ. ನಮ್ಮಪ್ಪ ಕೊಟ್ಟಿದ್ದ," ಅಂದಳು ಅವ್ವ. ಇಸವಿ ನೋಡಿದ್ದ ನಾನು ಸುಮ್ಮನಿದ್ದೆ. ಹುಡುಗ ಅಯಸ್ಕಾಂತ ಹತ್ತಿರ ತಂದ. ಟಕ್.

ಅವ್ವ ಅದನ್ನು ಅಯಸ್ಕಾಂತದಿಂದ ಕಿತ್ತು ಸೆರಗಿನಿಂದ ಒರೆಸಿದಳು. ಚಾರ್ಮಿನಾರ್ ನಾಣ್ಯದ ಜೊತೆಗೇ ಅದೇ ಅರಿವೆಯಲ್ಲಿ ಗಂಟು ಕಟ್ಟಿ ಸಂದೂಕದಲ್ಲಿಟ್ಟಳು.