ಒಂದೇ ಬಿಸಿಲು, ಎರಡು ಕೆಲಸ

ಮಕ್ಕಳೇ, ಬೆಂಗಳೂರಿನ ಯಾವುದಾದರೂ ತಾರಸಿಯಿಂದ ಸುತ್ತಲಿನ ಮನೆಗಳನ್ನು ನೋಡಿ. ಬಿಸಿಲಿಗೆ ಮೈಯೊಡ್ಡಿದ ಎರಡು ಬಗೆಯ ಸಾಧನಗಳು ಕಾಣುತ್ತವೆ. ಒಂದರಲ್ಲಿ ಉದ್ದನೆಯ ಟ್ಯಾಂಕ್, ಅದರ ಕೆಳಗೆ ಸಾಲಾಗಿ ಗಾಜಿನ ಕೊಳವೆಗಳು. ಇನ್ನೊಂದು ಕಡುನೀಲಿ ಬಣ್ಣದ ಚಪ್ಪಟೆ ಪ್ಯಾನೆಲ್. ಎರಡನ್ನೂ ನಾವು ‘ಸೋಲಾರ್’ ಎಂದೇ ಕರೆಯುತ್ತೇವೆ. ಆದರೆ ಎರಡರ ಕೆಲಸವೂ ಬೇರೆ ಬೇರೆ.

ಕೊಳವೆಗಳ ಕೆಲಸ ನೀರು ಕಾಯಿಸುವುದು. ಪ್ರತಿ ಕೊಳವೆಗೂ ಗಾಜಿನ ಎರಡು ಪದರ. ಒಳಪದರಕ್ಕೆ ಬಿಸಿಲನ್ನು ಚೆನ್ನಾಗಿ ಹೀರುವ ಕಪ್ಪು ಲೇಪ. ಪದರಗಳ ನಡುವಿನ ಗಾಳಿಯನ್ನು ತೆಗೆದಿರುವುದರಿಂದ ಒಳಗಿನ ಶಾಖ ಸುಲಭವಾಗಿ ಹೊರಹೋಗದು. ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಅಲ್ಲಿನ ತಣ್ಣೀರು ಕೆಳಗಿಳಿದು ಕೊಳವೆ ಸೇರುತ್ತದೆ. ಬಿಸಿಲಿರುವವರೆಗೂ ಈ ಏರಿಳಿತ ತಾನಾಗಿಯೇ ನಡೆಯುತ್ತದೆ. ಅದಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಟ್ಯಾಂಕಿನ ಸುತ್ತ ಶಾಖ ತಡೆಯುವ ದಪ್ಪ ಹೊದಿಕೆ ಇರುವುದರಿಂದ ಇಂದು ಕಾದ ನೀರು ನಾಳೆ ಬೆಳಗಿನ ಸ್ನಾನಕ್ಕೂ ಬಿಸಿಯಾಗಿಯೇ ಇರುತ್ತದೆ.

ಪ್ಯಾನೆಲ್‌ಗೆ ಬೇಕಾದದ್ದು ಶಾಖವಲ್ಲ, ಬೆಳಕು. ಅದರೊಳಗೆ ಸಿಲಿಕಾನ್ ಎಂಬ ಧಾತುವಿನ ತೆಳು ಬಿಲ್ಲೆಗಳಿವೆ; ಇವೇ ಸೌರಕೋಶಗಳು. ಬೆಳಕು ಬಿದ್ದೊಡನೆ ಅವುಗಳಲ್ಲಿನ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡು ಹರಿಯತೊಡಗುತ್ತವೆ. ಆ ಹರಿವೇ ವಿದ್ಯುತ್. ಇನ್ವರ್ಟರ್ ಅದನ್ನು ನಮ್ಮ ಫ್ಯಾನು, ಮಿಕ್ಸಿಗಳಿಗೆ ಒಗ್ಗುವಂತೆ ಬದಲಿಸಿಕೊಡುತ್ತದೆ. ಪ್ಯಾನೆಲ್ ತುಂಬಾ ಕಾದರೆ ವಿದ್ಯುತ್ ಹೆಚ್ಚುವುದಿಲ್ಲ, ಸ್ವಲ್ಪ ಇಳಿಯುತ್ತದೆ! 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಸೌರಕೋಶ ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಶೇ. 6ರಷ್ಟನ್ನು ವಿದ್ಯುತ್ತಾಗಿಸಿತ್ತು. ಇಂದಿನ ಪ್ಯಾನೆಲ್‌ಗಳು ಸುಮಾರು ಶೇ. 20ರಷ್ಟನ್ನು ಆಗಿಸುತ್ತವೆ.

ಹಾಗಾದರೆ ಪ್ಯಾನೆಲ್‌ನ ವಿದ್ಯುತ್ತಿನಿಂದಲೇ ಗೀಸರ್ ಓಡಿಸಿದರೆ ಆಗದೇ? ಲೆಕ್ಕ ಹಾಕೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು ನಾಲ್ಕೂವರೆ ಯೂನಿಟ್ ಬೇಕು. ನಮ್ಮಲ್ಲಿ ಒಂದು ಕಿಲೋವ್ಯಾಟ್‌ನ ಪ್ಯಾನೆಲ್‌ಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಕೊಡುವುದು ಸುಮಾರು ನಾಲ್ಕು ಯೂನಿಟ್. ಅಷ್ಟೂ ಸ್ನಾನಕ್ಕೇ ಮುಗಿದುಹೋದರೆ ದೀಪಕ್ಕೇನು, ಫ್ರಿಜ್ಜಿಗೇನು? ಅದಕ್ಕೇ ನೀರನ್ನು ಶಾಖದಿಂದ ನೇರವಾಗಿ ಕಾಯಿಸಿ, ಬೆಳಕಿನಿಂದ ಬಂದ ವಿದ್ಯುತ್ತನ್ನು ಉಳಿದ ಕೆಲಸಗಳಿಗೆ ಬಳಸುವುದು ಜಾಣತನ.

ನೀವೂ ಒಂದು ಪ್ರಯೋಗ ಮಾಡಿ. ಒಂದೇ ಅಳತೆಯ ಎರಡು ಬಾಟಲಿಗಳಿಗೆ ನೀರು ತುಂಬಿ, ಒಂದಕ್ಕೆ ಕಪ್ಪು, ಇನ್ನೊಂದಕ್ಕೆ ಬಿಳಿ ಕಾಗದ ಸುತ್ತಿ, ಎರಡು ಗಂಟೆ ಬಿಸಿಲಿಗಿಡಿ. ಯಾವುದು ಹೆಚ್ಚು ಬಿಸಿಯಾಯಿತು, ಏಕೆ ಎಂದು ಬರೆದಿಡಿ. ತಾರಸಿಗೆ ಮಾತ್ರ ದೊಡ್ಡವರ ಜೊತೆಯಲ್ಲೇ ಹೋಗಿ.