ಎರಡು ಊರು, ಒಂದೇ ಕೆಂಪು

2023ರ ಬೇಸಿಗೆಯಲ್ಲಿ ನಾನು ಮಗಳ ಮನೆಗೆಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಹೋಗಿದ್ದೆ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದ ನನಗೆ ಕಾಲ್ಚೆಂಡಿನ ಗೊಡವೆ ಅಷ್ಟಾಗಿ ಇರಲಿಲ್ಲ. ಒಂದು ದಿನ ಒಬ್ಬನೇ ರೈಲು ಹತ್ತಿ, ಐವತ್ತು ಕಿಲೋಮೀಟರಿನಷ್ಟು ದೂರದ ಮ್ಯಾಂಚೆಸ್ಟರನ್ನು ನೋಡಿಕೊಂಡು ಬಂದೆ. ಬರುವಾಗ ಹತ್ತು ವರ್ಷದ ಮೊಮ್ಮಗನಿಗೆಂದು ಅಲ್ಲಿಯ ಅಂಗಡಿಯೊಂದರಲ್ಲಿ ಕೆಂಪು ಉಣ್ಣೆಯ ಮಫ್ಲರೊಂದನ್ನು ಕೊಂಡೆ. ಹುಡುಗನಿಗೆ ಕೆಂಪೆಂದರೆ ಪ್ರಾಣ. ಅವನ ಅಂಗಿ ಕೆಂಪು, ಹೊದಿಕೆ ಕೆಂಪು, ಶಾಲೆಯ ಚೀಲವೂ ಕೆಂಪು. ಆದರೆ ಮಫ್ಲರನ್ನು ಬಿಚ್ಚಿ ನೋಡಿದವನೇ ಮುಖ ಸಣ್ಣದು ಮಾಡಿದ. ಮನೆಯಲ್ಲಿ ಧಾರವಾಡದ ಕನ್ನಡವನ್ನೇ ಆಡುವ ಹುಡುಗ ಅವನು. “ಅಜ್ಜಾ, ಇದು ನಮ್ಮ ಕೆಂಪ ಅಲ್ಲ, ಅವರ ಕೆಂಪ” ಎಂದ. ಮಫ್ಲರು ಮರಳಿ ನನ್ನ ಪೆಟ್ಟಿಗೆಯನ್ನು ಸೇರಿತು.

ಲಿವರ್‌ಪೂಲ್ ತಂಡದ ಅಂಗಿಯೂ ಕೆಂಪು, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಂಗಿಯೂ ಕೆಂಪು. ಹೊರಗಿನವನ ಕಣ್ಣಿಗೆ ಅದು ಒಂದೇ ಬಣ್ಣ. ಊರಿನವರ ಕಣ್ಣಿಗೆ ಅವೆರಡರ ನಡುವೆ ಒಂದು ಸಮುದ್ರವೇ ಇದೆ. ಆ ಸಮುದ್ರ ಎಲ್ಲಿಂದ ಬಂತೆಂದು ತಿಳಿಯುವ ಕುತೂಹಲ ನನಗೆ ಅಂದಿನಿಂದ ಹತ್ತಿತು. ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಹಗೆಯ ಬೇರು ಆಟದ ಬಯಲಿನಲ್ಲಿಲ್ಲ, ಹತ್ತಿಯ ಅಂಡಿಗೆಗಳಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರ್ ಎಂದರೆ ಜಗತ್ತಿನ ಬಟ್ಟೆಯ ಪೇಟೆ. ಲಿವರ್‌ಪೂಲ್ ಆ ಪೇಟೆಯ ಹೆಬ್ಬಾಗಿಲು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ ಹತ್ತಿ ಲಿವರ್‌ಪೂಲಿನ ಧಕ್ಕೆಯಲ್ಲಿ ಇಳಿಯುತ್ತಿತ್ತು. ಮ್ಯಾಂಚೆಸ್ಟರಿನ ಸುತ್ತಲಿನ ಗಿರಣಿಗಳಲ್ಲಿ ನೂಲಾಗಿ, ಬಟ್ಟೆಯಾಗಿ, ಮತ್ತೆ ಅದೇ ಧಕ್ಕೆಯಿಂದ ಲೋಕವನ್ನು ಸುತ್ತಲು ಹೊರಡುತ್ತಿತ್ತು. 1830ರ ಸೆಪ್ಟೆಂಬರ್ 15ರಂದು ಈ ಎರಡು ಊರುಗಳ ನಡುವೆ ರೈಲು ಓಡಿತು. ಎರಡು ದೊಡ್ಡ ನಗರಗಳನ್ನು ಉಗಿಬಂಡಿಯಿಂದ ಬೆಸೆದ ಮೊದಲ ಹಾದಿ ಅದು. ಮೊದಲು ಇವು ಒಂದನ್ನೊಂದು ಬಿಟ್ಟು ಬದುಕಲಾರದ ಊರುಗಳಾಗಿದ್ದವು ಎಂಬುದನ್ನು ಮರೆಯಬಾರದು.

ಈ ಕಥೆಯಲ್ಲಿ ನಮ್ಮ ನೆಲಕ್ಕೂ ಒಂದು ಪಾತ್ರವಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಹತ್ತಿಯ ಹಡಗುಗಳು ನಿಂತುಹೋದಾಗ, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ನಮ್ಮ ಎರೆಯ ಹೊಲಗಳ ಮೇಲೆ ಬಿತ್ತು. 1840ರ ದಶಕದಿಂದಲೇ ಧಾರವಾಡದ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೇರೂರಿತ್ತು. ಅದನ್ನು ಕಡಲಿಗೆ ಮುಟ್ಟಿಸಲು ಕಾರವಾರದ ಬಂದರು ಬೇಕೆನಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಸೆಯೂ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೇಡಿಕೆಯೂ ಕುಸಿಯಿತು. ನಾನು ಲಿವರ್‌ಪೂಲಿನ ಧಕ್ಕೆಯ ಮೇಲೆ ನಿಂತಾಗ, ನಮ್ಮ ಹಿರಿಯರು ಬೆಳೆದ ಹತ್ತಿಯೂ ಒಂದು ಕಾಲಕ್ಕೆ ಈ ದಾರಿಯಲ್ಲಿ ಹೋಗಿರಬೇಕಲ್ಲವೇ ಎಂದು ನೆನೆದು, ಆ ಪರದೇಶದ ಕಲ್ಲಿನ ಮೇಲೂ ನನಗೆ ತುಸು ಸಲಿಗೆ ಬಂದಂತಾಯಿತು.

ಒಂದನ್ನೊಂದು ನಂಬಿದ್ದ ಊರುಗಳು ಬೇರಾದದ್ದು ಸುಂಕದ ಮಾತಿನಿಂದ. ಬಂದರಿನ ಸುಂಕ, ರೈಲಿನ ಬಾಡಿಗೆ ಎರಡೂ ತಮ್ಮ ದುಡಿಮೆಯನ್ನು ತಿನ್ನುತ್ತಿವೆಯೆಂದು ಮ್ಯಾಂಚೆಸ್ಟರಿನ ವರ್ತಕರು ದೂರಿದರು. 1882ರಲ್ಲಿ ಡೇನಿಯಲ್ ಆ್ಯಡಮ್ಸನ್ ಎಂಬ ಉದ್ಯಮಿಯ ಮನೆಯಲ್ಲಿ ಹಿರಿಯರು ಸಭೆ ಸೇರಿ, ಸಮುದ್ರವನ್ನೇ ಊರಿಗೆ ತರುವ ಸಂಕಲ್ಪ ಮಾಡಿದರು. ಲಿವರ್‌ಪೂಲಿನ ಬಂದರು ಮಂಡಳಿ ಬಲವಾಗಿ ವಿರೋಧಿಸಿತು. ಎರಡು ಸಲ ಸೋತ ಮಸೂದೆ 1885ರಲ್ಲಿ ಸಂಸತ್ತಿನಲ್ಲಿ ಗೆದ್ದಿತು. ಕೆಲಸದ ನಡುವೆ ಹಣ ಮುಗಿದಾಗ ಮ್ಯಾಂಚೆಸ್ಟರಿನ ನಗರಸಭೆಯೇ ಐವತ್ತು ಲಕ್ಷ ಪೌಂಡು ಸಾಲ ಕೊಟ್ಟಿತು. ಆ್ಯಡಮ್ಸನ್ ಮಾತ್ರ ಅದನ್ನು ಕಣ್ಣಾರೆ ಕಾಣದೆ 1890ರಲ್ಲಿ ತೀರಿಕೊಂಡ. ಐವತ್ತೆಂಟು ಕಿಲೋಮೀಟರು ಉದ್ದದ ಆ ಹಡಗುಕಾಲುವೆ 1894ರ ಜನವರಿ 1ರಂದು ತೆರೆಯಿತು. ಮೇ 21ರಂದು ವಿಕ್ಟೋರಿಯಾ ರಾಣಿ ಬಂದು ವಿಧಿವತ್ತಾಗಿ ಉದ್ಘಾಟಿಸಿದಳು. ನೆರೆಯ ಬಂದರಿನ ಬಾಗಿಲನ್ನು ತಟ್ಟದೆಯೇ ಒಳನಾಡಿನ ಊರೊಂದು ಬಂದರಾಯಿತು!

ಜನವರಿ ಮತ್ತು ಮೇ ತಿಂಗಳ ನಡುವೆ ಇನ್ನೊಂದು ಪುಟ್ಟ ಘಟನೆ ನಡೆಯಿತು. ಮ್ಯಾಂಚೆಸ್ಟರಿನಲ್ಲಿ ರೈಲ್ವೆ ಕಾರ್ಖಾನೆಯ ಕೆಲಸಗಾರರು 1878ರಲ್ಲಿ ಕಟ್ಟಿಕೊಂಡ ನ್ಯೂಟನ್ ಹೀತ್ ಎಂಬ ತಂಡವಿತ್ತು. ಲಿವರ್‌ಪೂಲ್ ತಂಡವಾದರೋ 1892ರಲ್ಲಿ ಹುಟ್ಟಿದ ಕೂಸು. 1894ರ ಏಪ್ರಿಲ್ 28ರಂದು ಬ್ಲ್ಯಾಕ್‌ಬರ್ನ್ ಎಂಬಲ್ಲಿ ಇವೆರಡೂ ಎದುರಾದವು. ಮೇಲಿನ ವರ್ಗಕ್ಕೆ ಏರುವವರಾರು, ಅಲ್ಲಿಂದ ಇಳಿಯುವವರಾರು ಎಂಬುದನ್ನು ನಿರ್ಣಯಿಸುವ ಪಂದ್ಯ ಅದು. ಲಿವರ್‌ಪೂಲ್ ಎರಡು ಗೋಲುಗಳಿಂದ ಗೆದ್ದು ಮೇಲೇರಿತು. ನ್ಯೂಟನ್ ಹೀತ್ ಕೆಳಗಿಳಿಯಿತು. ಕಾಲುವೆಯಲ್ಲಿ ಸೋತ ಊರು ಆಟದಲ್ಲಿ ಗೆದ್ದಿತ್ತು. ನ್ಯೂಟನ್ ಹೀತ್ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಹೆಸರು ಬದಲಿಸಿಕೊಂಡು, 1910ರಲ್ಲಿ ಕಾಲುವೆಯ ಧಕ್ಕೆಗಳ ಸಮೀಪದಲ್ಲೇ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣವನ್ನು ಕಟ್ಟಿಸಿತು. ಗೃಹಪ್ರವೇಶದ ಆಟಕ್ಕೆ ಬಂದ ಅತಿಥಿ ಲಿವರ್‌ಪೂಲ್ ತಂಡವೇ. ಅತಿಥಿ ನಾಲ್ಕು–ಮೂರರಿಂದ ಗೆದ್ದು ಹೋದ.

ಮ್ಯಾಂಚೆಸ್ಟರ್ ತಂಡದ ಲಾಂಛನದಲ್ಲಿ ಹಾಯಿಹಡಗಿನ ಚಿತ್ರವಿದೆ. ಅದು ಕಾಲುವೆಯ ಗೆಲುವಿನ ಗುರುತು, ತಮ್ಮನ್ನು ಕೆಣಕಲೆಂದೇ ಇಟ್ಟದ್ದು ಎಂದು ಲಿವರ್‌ಪೂಲಿನ ಅನೇಕರ ನಂಬಿಕೆ. ನಿಜವಾಗಿ ಆ ಹಡಗು 1842ರಲ್ಲಿ ನಗರಕ್ಕೆ ದೊರೆತ ಲಾಂಛನದಿಂದ ಬಂದದ್ದು. ಕಾಲುವೆಗಿಂತ ಐವತ್ತು ವರ್ಷ ಹಳೆಯದು. ಆದರೆ ಹಗೆಗೆ ಇತಿಹಾಸಕ್ಕಿಂತ ಐತಿಹ್ಯವೇ ರುಚಿ.

ಮುಂದಿನದು ಕಾಲದ ವಿನೋದ. ಯಾವ ಬಂದರುಗಳಿಗಾಗಿ ಈ ಊರುಗಳು ಕಾದಾಡಿದವೋ ಆ ಬಂದರುಗಳೇ ಬಡವಾದವು. ಗಿರಣಿಗಳು ಮುಚ್ಚಿದವು. ದೊಡ್ಡ ಕಂಟೇನರ್ ಹಡಗುಗಳು ಬಂದು ಹಳೆಯ ಧಕ್ಕೆಗಳು ಬರಿದಾದವು. ಮ್ಯಾಂಚೆಸ್ಟರಿನ ಬಂದರು 1982ರಲ್ಲಿ ಮುಚ್ಚಿಯೇ ಹೋಯಿತು. 1931ರಲ್ಲಿ ಎಂಟೂವರೆ ಲಕ್ಷ ಜನರಿದ್ದ ಲಿವರ್‌ಪೂಲಿನಲ್ಲಿ 2001ರ ವೇಳೆಗೆ ಉಳಿದವರು ನಾಲ್ಕು ಲಕ್ಷ ನಲವತ್ತು ಸಾವಿರದಷ್ಟು. ಕೆಲಸ ಹೋಯಿತು, ಹಡಗು ಹೋಯಿತು. ಊರಿನ ಅಭಿಮಾನಕ್ಕೆ ಮಾತ್ರ ಒಂದು ನೆಲೆ ಬೇಕಾಗಿತ್ತು. ಅದು ಕಾಲ್ಚೆಂಡಿನಲ್ಲಿ ದೊರೆಯಿತು. 1973ರಿಂದ 1990ರವರೆಗೆ, ಊರಿನ ಅತಿ ಕಷ್ಟದ ವರ್ಷಗಳಲ್ಲೇ, ಲಿವರ್‌ಪೂಲ್ ತಂಡ ಹನ್ನೊಂದು ಸಲ ದೇಶದ ಅಗ್ರಪಟ್ಟವನ್ನು ಗೆದ್ದಿತು. ಬಳಿಕ ಚಕ್ರ ತಿರುಗಿತು. 1993ರಿಂದ 2013ರೊಳಗೆ ಯುನೈಟೆಡ್ ಹದಿಮೂರು ಸಲ ಗೆದ್ದು, ತನ್ನ ಪಟ್ಟಗಳ ಎಣಿಕೆಯನ್ನು ಇಪ್ಪತ್ತಕ್ಕೆ ಏರಿಸಿತು. ಲಿವರ್‌ಪೂಲ್ ಮೂವತ್ತು ವರ್ಷ ಕಾದು 2020ರಲ್ಲಿ ಹತ್ತೊಂಬತ್ತನೆಯದನ್ನೂ, 2025ರ ಏಪ್ರಿಲಿನಲ್ಲಿ ಇಪ್ಪತ್ತನೆಯದನ್ನೂ ಗೆದ್ದು ಸಮನಾಯಿತು. ನಡುವೆ ಮ್ಯಾಂಚೆಸ್ಟರಿನದೇ ಇನ್ನೊಂದು ತಂಡವಾದ ಸಿಟಿ 2018ರಿಂದ 2024ರೊಳಗೆ ಆರು ಸಲ ಗೆದ್ದು, ಇಬ್ಬರು ದಾಯಾದಿಗಳನ್ನೂ ಬದಿಗೆ ಸರಿಸಿದ್ದುಂಟು. ಆದರೂ ಇವರ ಕಣ್ಣು ಒಬ್ಬರ ಮೇಲೊಬ್ಬರದು.

ಈ ಎರಡು ತಂಡಗಳನ್ನು ದೊಡ್ಡದು ಮಾಡಿದ ಮಹನೀಯರ ಮಾತನ್ನು ಇಲ್ಲಿ ಹೇಳಬೇಕು. ಯುನೈಟೆಡ್ ತಂಡವನ್ನು 1945ರಿಂದ ಕಟ್ಟಿದ ಮ್ಯಾಟ್ ಬಸ್ಬಿ, ಲಿವರ್‌ಪೂಲನ್ನು 1959ರಿಂದ ಎತ್ತಿ ನಿಲ್ಲಿಸಿದ ಬಿಲ್ ಶ್ಯಾಂಕ್ಲಿ, ಇಬ್ಬರೂ ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಗಳ ಹಳ್ಳಿಯಿಂದ ಬಂದವರು. ಬಸ್ಬಿಯಂತೂ ತನ್ನ ಆಟದ ದಿನಗಳಲ್ಲಿ ಲಿವರ್‌ಪೂಲಿಗೆ ಆಡಿದ್ದವನು. ಊರಿಗೆ ಕೀರ್ತಿ ತಂದವರು ಊರಿನವರೇ ಆಗಿರಲಿಲ್ಲ.

ಇಷ್ಟರವರೆಗಿನ ಕಥೆಯಲ್ಲಿ ನಾವು ನಗಬಹುದು. ಮುಂದಿನದರಲ್ಲಿ ನಗುವಂತಿಲ್ಲ. 1958ರ ಫೆಬ್ರವರಿ 6ರಂದು ಬೆಲ್‌ಗ್ರೇಡಿನಿಂದ ಮರಳುತ್ತಿದ್ದ ಯುನೈಟೆಡ್ ತಂಡದ ವಿಮಾನ ಮ್ಯೂನಿಕ್ಕಿನಲ್ಲಿ ಮೇಲೇರಲಾರದೆ ಅಪ್ಪಳಿಸಿತು. ಸತ್ತವರು ಇಪ್ಪತ್ಮೂರು ಮಂದಿ. ಅವರಲ್ಲಿ ಎಂಟು ಜನ ಆಟಗಾರರು. ಡಂಕನ್ ಎಡ್ವರ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣ ಹದಿನೈದು ದಿನ ಸಾವಿನೊಡನೆ ಹೋರಾಡಿ ಸೋತ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲಿನ ಅಭಿಮಾನಿಗಳು ಸತ್ತರು. ಅಂದಿನ ಗಾಯದಿಂದ 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿ ಎಣಿಕೆ ತೊಂಬತ್ತೇಳು. ತಪ್ಪು ಸತ್ತವರದೇ ಎಂಬ ಅಪವಾದವನ್ನು ಅವರ ಮನೆಯವರು ಇಪ್ಪತ್ತೇಳು ವರ್ಷ ಹೊತ್ತರು. 2016ರಲ್ಲಿ ವಿಚಾರಣೆಯ ಪಂಚರು ಅಭಿಮಾನಿಗಳದು ತಪ್ಪಿಲ್ಲವೆಂದು ತೀರ್ಪು ಕೊಟ್ಟರು.

ನಾನು ಎರಡೂ ಕಡೆ ಸ್ಮಾರಕಗಳನ್ನು ಕಂಡೆ. ಓಲ್ಡ್ ಟ್ರಾಫರ್ಡಿನ ಗೋಡೆಯ ಮೇಲೆ ಮ್ಯೂನಿಕ್ಕಿನ ತಾರೀಖು ಬರೆದ ಗಡಿಯಾರ; ಲಿವರ್‌ಪೂಲಿನ ಆನ್‌ಫೀಲ್ಡಿನಲ್ಲಿ ಸತ್ತವರ ಹೆಸರುಗಳನ್ನು ಕೆತ್ತಿದ ಕಲ್ಲು. ಇವರ ಅಭಿಮಾನಿಗಳಲ್ಲಿ ಕೆಲವರು ಅವರ ಸಾವನ್ನು ಹಾಡುಕಟ್ಟಿ ಹಂಗಿಸುತ್ತಾರೆ, ಅವರಲ್ಲಿ ಕೆಲವರು ಇವರದನ್ನು, ಎಂದು ಅಳಿಯ ಹೇಳಿದಾಗ ನಾನು ನಂಬಲಿಲ್ಲ. ಅದು ನಿಜವಾಗಿತ್ತು. ಆ ವರ್ಷದ ಮಾರ್ಚಿನಲ್ಲಿ ಎರಡೂ ತಂಡಗಳ ಗುರುಗಳು, ಇಂಥ ಹಾಡುಗಳು ನಿಲ್ಲಬೇಕೆಂದು ಜೊತೆಯಾಗಿ ಬೇಡಿಕೊಳ್ಳಬೇಕಾಗಿ ಬಂದಿತ್ತು.

ಆ ಕಲ್ಲಿನ ಮುಂದೆ ನನಗೆ ನೆನಪಾದದ್ದು ರನ್ನನ ಗದಾಯುದ್ಧ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಅಲ್ಲಿ ಅಭಿಮನ್ಯುವಿನ ಶವವನ್ನು ಕಾಣುತ್ತಾನೆ. ಹಗೆಯ ಮಗ, ತನ್ನವರೇ ಸುತ್ತುವರಿದು ಕೊಂದ ಬಾಲಕ. ಛಲದಂಕಮಲ್ಲನೆನಿಸಿದ ಆ ಮಹಾಭಿಮಾನಿ ಅಲ್ಲಿ ನಿಂತು ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ತನಗೂ ಅಂಥ ಮರಣದ ಒಂದಂಶವಾದರೂ ದೊರೆಯಲೆಂದು ಬಯಸುತ್ತಾನೆ. ಹಗೆಯನ್ನು ಅವನು ಬಿಟ್ಟದ್ದಿಲ್ಲ. ಆದರೂ ಅವನ ಅಭಿಮಾನ ಅಲ್ಲಿ ಸಣ್ಣದಾಗಲಿಲ್ಲ, ದೊಡ್ಡದಾಯಿತು. ಇದನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಅದರ ಅರ್ಥ ನನಗೇ ಪೂರ್ತಿಯಾಗಿ ಆದದ್ದು ಆ ಪರದೇಶದಲ್ಲಿ.

ಇನ್ನೊಂದು ಚಿತ್ರವೂ ಇದೆ. 2022ರ ಏಪ್ರಿಲಿನಲ್ಲಿ ಯುನೈಟೆಡ್ ತಂಡದ ರೊನಾಲ್ಡೊ ತನ್ನ ನವಜಾತ ಶಿಶುವನ್ನು ಕಳೆದುಕೊಂಡ. ಮರುದಿನ ಆನ್‌ಫೀಲ್ಡಿನಲ್ಲಿ ಎರಡು ತಂಡಗಳ ಪಂದ್ಯ. ಅವನು ಆಡಲು ಬಂದಿರಲಿಲ್ಲ. ಅವನ ಅಂಗಿಯ ಸಂಖ್ಯೆ ಏಳು. ಆಟದ ಏಳನೆಯ ನಿಮಿಷಕ್ಕೆ ಇಡೀ ಕ್ರೀಡಾಂಗಣ ಎದ್ದುನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿತು. ಲಿವರ್‌ಪೂಲಿನ ಜನ ತಮ್ಮ ತಂಡದ ಹಾಡನ್ನು ಎದುರಾಳಿಯ ದುಃಖಕ್ಕಾಗಿ ಹಾಡಿದರು. ಆಮೇಲೆ ಆಟ ಮುಂದುವರಿದು ಲಿವರ್‌ಪೂಲ್ ನಾಲ್ಕು ಗೋಲುಗಳಿಂದ ಗೆದ್ದಿತು. ಗೆಲ್ಲುವ ಆಸೆಯನ್ನು ಯಾರೂ ಬಿಡಬೇಕಾಗಿಲ್ಲ.

ಪರರ ಊರಿನ ಮಾತು ಸಾಕು, ನನ್ನದನ್ನೂ ಹೇಳಬೇಕು. ಹುಬ್ಬಳ್ಳಿ–ಧಾರವಾಡಗಳ ನಡುವೆ ಇಪ್ಪತ್ತು ಕಿಲೋಮೀಟರು. 1962ರಿಂದ ಎರಡಕ್ಕೂ ಒಂದೇ ಪಾಲಿಕೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾಗಲೆಂದು 2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿತು. ವಿಶ್ವವಿದ್ಯಾಲಯ ನಮ್ಮದು, ರೈಲ್ವೆ ವಲಯದ ಕಚೇರಿ ಅವರದು ಎಂಬ ಜಗ್ಗಾಟದಲ್ಲಿ ನಾನೂ ಆಯುಷ್ಯ ಕಳೆದವನು. ಹಿಂದೊಮ್ಮೆ ಹುಬ್ಬಳ್ಳಿಯ ಗೆಳೆಯನೊಬ್ಬನೊಡನೆ ಇಂಥದೇ ವಾದ. ಅವನು ನಮ್ಮೂರನ್ನು ಪಿಂಚಣಿದಾರರ ಊರೆಂದ. ನಾನು ಸೋಲಬಾರದೆಂದು, “ನಿಮ್ಮ ಊರಾಗ ಗಿರಣಿ ಸಿಳ್ಳು ಸುದ್ದಾ ನಿಂತು ಹೋತಲ್ಲೋ” ಎಂದೆ. ಅವನು ಸುಮ್ಮನಾದ. ಅವನ ತಂದೆ ಮುಚ್ಚಿದ ಅದೇ ಗಿರಣಿಯ ಕೆಲಸಗಾರರಾಗಿದ್ದರು. ಕೆಲಸ ಹೋದ ಮೇಲೆ ಬಹುದಿನ ಬದುಕಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲಗೆಗೆ ಆ ಗಳಿಗೆಯಲ್ಲಿ ಊರೇ ದೊಡ್ಡದಾಯಿತು. ಗೆಳೆಯ ಈಗಿಲ್ಲ. ಕ್ಷಮೆ ಕೇಳಲು ನಾನು ಬಹಳ ತಡಮಾಡಿದೆ. ಆನ್‌ಫೀಲ್ಡಿನ ಹಾಡುಗಾರರನ್ನು ಹಳಿಯಲು ನಾನು ಬಾಯಿ ತೆರೆದಾಗಲೆಲ್ಲ ಆ ಮೌನ ನನ್ನನ್ನು ತಡೆಯುತ್ತದೆ.

ಊರಭಿಮಾನ ಬೇಡವೆಂದು ನಾನು ಹೇಳಲಾರೆ. ಬನವಾಸಿಯ ಮೇಲಣ ಮೋಹ ಇಲ್ಲದಿದ್ದರೆ ಪಂಪ ನಮಗೆ ಅಷ್ಟು ಹತ್ತಿರದವನಾಗುತ್ತಿರಲಿಲ್ಲ. ಎದುರಿಗೊಂದು ಊರಿದ್ದರೆ ನಮ್ಮ ಊರೂ ಚುರುಕಾಗಿರುತ್ತದೆ. ಎದುರೂರಿನ ಮನೆಯಲ್ಲಿ ಹೆಣ ಬಿದ್ದಾಗ ನಮ್ಮ ಓಣಿಯ ಬಾಜಾ ನಿಲ್ಲಬೇಕು, ಅಷ್ಟೇ.

2025ರ ಏಪ್ರಿಲಿನಲ್ಲಿ ಲಿವರ್‌ಪೂಲ್ ಪಟ್ಟ ಗೆದ್ದ ರಾತ್ರಿ ಮೊಮ್ಮಗ ಫೋನು ಮಾಡಿದ್ದ. ಇಪ್ಪತ್ತಕ್ಕೆ ಇಪ್ಪತ್ತು ಸಮವಾಯಿತೆಂದು ಕುಣಿದಾಡಿದ. ಮಾತು ಮುಗಿಯುವ ಮೊದಲು ಏನೋ ನೆನಪಾಗಿ ಕೇಳಿದ: “ಅಜ್ಜಾ, ಆ ಮಫ್ಲರ್ ಇನ್ನೂ ಐತೇನು?”

“ಐತೆಪಾ. ಚಳಿಗಾಲದಾಗ ಮುಂಜಾನೆ ತಿರುಗಾಡಾಕ ಹೋಗೂ ಮುಂದ ಅದನ್ನ ಸುತ್ತಿಕೋತೀನಿ” ಎಂದೆ.

ತುಸು ಹೊತ್ತು ಯೋಚಿಸಿದ. “ಕಿವಿ ಬೆಚ್ಚಗ ಇರ್ತಾವೇನು?”

“ಇರ್ತಾವ.”

“ಹಂಗಾದ್ರ ಇರ್ಲಿ ಬಿಡು” ಎಂದ.